ಮಕ್ಕಳ ಮನಸ್ಸು: ‘ಸೋಮವಾರ ಮಾತ್ರ ಹೊಟ್ಟೆ ನೋಯುತ್ತದೆ’

ಓದುಗರ ಪ್ರಶ್ನೆಗಳಿಗೆ ಧಾರವಾಡದ ಆಪ್ತ ಸಮಾಲೋಚಕಿಯ ಉತ್ತರ

ಈ ಸಲ ಪತ್ರಗಳನ್ನು ಬಂದ ಸರದಿಯಲ್ಲಿ ತೆಗೆದುಕೊಂಡಿಲ್ಲ. ಕಾಯಿಸಲಾಗದ ಪತ್ರವೊಂದು ಬಂದಿದೆ. ಬರೆದವಳು ವಿಳಾಸ ಕೊಟ್ಟಿಲ್ಲ, ಹಾಗಾಗಿ ಅವಳಿಗೆ ಇಲ್ಲಿಯೇ ಮೊದಲ ಉತ್ತರ.

ಪ್ರಶ್ನೆ: ನನ್ನದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಧಾರವಾಡದ ಹಾಸ್ಟೆಲ್‌ನಲ್ಲಿದ್ದು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ನನ್ನ ಫೀಗಾಗಿ ಅಪ್ಪ ಹೊಲ ಅಡವಿಟ್ಟಿದ್ದಾರೆ. ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದಿದ್ದೆ. ಇಲ್ಲಿ ಪ್ರತಿ ಭಾನುವಾರದ ಟೆಸ್ಟಿನಲ್ಲಿ ಹಿಂದೆ ಬೀಳುತ್ತಿದ್ದೇನೆ. ಅಂಕಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ. ರಾತ್ರಿ ಅವ್ವ ಫೋನ್ ಮಾಡಿ ‘ಊಟ ಆಯಿತಾ, ಎಷ್ಟು ಬಂತು’ ಎಂದು ಕೇಳಿದಾಗ ಸುಳ್ಳು ಹೇಳುತ್ತೇನೆ. ಟೆಸ್ಟಿನ ಹಿಂದಿನ ರಾತ್ರಿ ಎದೆ ಹೊಡೆದುಕೊಳ್ಳುತ್ತದೆ, ಬೆರಳುಗಳು ಜೋಮು ಹಿಡಿಯುತ್ತವೆ, ಈಗಲೇ ಜೀವ ಹೋಗುತ್ತದೆ ಅನ್ನಿಸುತ್ತದೆ. ಒಮ್ಮೊಮ್ಮೆ ಮಲಗಿದವಳು ಏಳದೇ ಹೋದರೆ ಎಲ್ಲರಿಗೂ ಒಳ್ಳೆಯದು ಎಂದುಕೊಳ್ಳುತ್ತೇನೆ. ನನ್ನ ಹೆಸರು ಹಾಕಬೇಡಿ.

ಉತ್ತರ: ಮಗಳೇ, ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಸಾಯಬೇಕು ಎಂಬ ಯೋಚನೆ ನಿನಗೆ ಬರುತ್ತಿದೆಯೇ? ಹೇಗೆ, ಯಾವಾಗ ಎಂದು ಮನಸ್ಸಿನಲ್ಲಿ ಏನಾದರೂ ಲೆಕ್ಕ ಹಾಕಿದ್ದೀಯಾ? ಹೌದು ಎಂದಾದರೆ ಇದನ್ನು ಓದಿ ಮುಗಿಸುವ ತನಕವೂ ಕಾಯಬೇಡ. ಕೋಣೆಯಲ್ಲಿ ಒಬ್ಬಳೇ ಇರಬೇಡ. ವಾರ್ಡನ್, ರೂಮಿನ ಗೆಳತಿ, ನಿನಗೆ ನಂಬಿಕೆಯಿರುವ ಲೆಕ್ಚರರ್, ಯಾರಾದರೂ ಸರಿ, ಅವರ ಬಳಿ ಹೋಗಿ ಈ ಪತ್ರದಲ್ಲಿ ಬರೆದ ಮಾತನ್ನೇ ಹೇಳು. ಬಾಯಿಂದ ಮಾತು ಹೊರಡದಿದ್ದರೆ ಈ ಪುಟವನ್ನೇ ಅವರ ಕೈಗೆ ಕೊಡು. 14416 ಎಂಬುದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಇನ್ನು ನೀನಿರುವ ಊರಿನಲ್ಲಿಯೇ, ಬೆಳಗಾವಿ ರಸ್ತೆಯಲ್ಲಿ, ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅದನ್ನು ಹುಚ್ಚಾಸ್ಪತ್ರೆ ಎಂದು ಕರೆಯುವವರು ಇನ್ನೂ ಇದ್ದಾರೆ, ಆ ಮಾತು ಕೇಳಿ ಹಿಂಜರಿಯಬೇಡ. ನಿದ್ದೆ ಬಾರದವರು, ಎದೆ ಹೊಡೆದುಕೊಳ್ಳುವವರು, ಪರೀಕ್ಷೆಗೆ ಹೆದರಿದವರು ಅಲ್ಲಿಯ ಹೊರರೋಗಿ ವಿಭಾಗಕ್ಕೆ ದಿನವೂ ಬರುತ್ತಾರೆ.

ರಾತ್ರಿ ನಿನಗಾಗುವುದು ಹೃದಯದ ಕಾಯಿಲೆಯಂತೆ ಕಾಣುವುದಿಲ್ಲ. ವೈದ್ಯರು ಒಮ್ಮೆ ಪರೀಕ್ಷಿಸಿ ಖಚಿತಪಡಿಸಲಿ. ಆದರೆ ನೀನು ಬರೆದ ಲಕ್ಷಣಗಳು ಗಾಬರಿಯ ದಾಳಿಯವು. ಭಯವಾದಾಗ ಉಸಿರಾಟ ತಿಳಿಯದಂತೆಯೇ ಬಿರುಸಾಗುತ್ತದೆ, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ, ಅದರಿಂದ ಬೆರಳು, ತುಟಿ ಜೋಮು ಹಿಡಿಯುತ್ತವೆ, ತಲೆ ಹಗುರಾಗುತ್ತದೆ. ಅದನ್ನು ಕಂಡು ಇನ್ನಷ್ಟು ಭಯ. ಈ ಅಲೆ ಸುಮಾರು ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಜೋರಾಗಿ ಉಸಿರು ಎಳೆದುಕೊಳ್ಳಲು ಹೋಗಬೇಡ. ಬಿಡುವ ಉಸಿರನ್ನು ಉದ್ದ ಮಾಡು: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಪಾದವೆರಡನ್ನೂ ನೆಲಕ್ಕೆ ಊರಿ ಕುಳಿತುಕೋ.

ಅಪ್ಪನ ಸಾಲವನ್ನು ನೀನು ಎದೆಯ ಮೇಲೆ ಇಟ್ಟುಕೊಂಡಿದ್ದೀಯ. ಆ ಸಾಲ ಮಾಡಿದ್ದು ಹಿರಿಯರು, ಅದನ್ನು ತೀರಿಸುವ ದಾರಿ ಹುಡುಕಬೇಕಾದವರೂ ಅವರೇ. ಅವರು ಹೊಲ ಅಡವಿಟ್ಟದ್ದು ನಿನಗಾಗಿ. ನೀನೇ ಇಲ್ಲದ ಮೇಲೆ ಆ ಹೊಲದಿಂದ ಅವರಿಗೆ ಆಗಬೇಕಾದ್ದೇನೂ ಇಲ್ಲ. ಈ ರಾತ್ರಿ ಅವ್ವನ ಫೋನ್ ಬಂದಾಗ ಇಷ್ಟು ಹೇಳು: ‘ಅವ್ವಾ, ಅಂಕ ಕಡಿಮೆ ಬರುತ್ತಿವೆ, ನನಗೆ ಬಹಳ ಹೆದರಿಕೆಯಾಗಿದೆ, ನೀನು ಬಾ.’ ಪರೀಕ್ಷೆಯ ಮಾತಿಗೆ ಬಂದರೆ, 2024ರಿಂದ ಪಿಯುಸಿ ಪರೀಕ್ಷೆಯನ್ನು ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಎರಡರಲ್ಲಿ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಭಾನುವಾರದ ಟೆಸ್ಟಿನ ಅಂಕವನ್ನು ಯಾವ ಮಂಡಳಿಯೂ ಕೇಳುವುದಿಲ್ಲ.

ಈ ಪುಟ ಓದುತ್ತಿರುವ ತಂದೆ ತಾಯಿಯರಿಗೆ ಒಂದು ಬೇಡಿಕೆ. ಹಾಸ್ಟೆಲ್‌ನಲ್ಲಿರುವ ಮಗುವಿಗೆ ಫೋನ್ ಮಾಡಿದಾಗ ಅಂಕವನ್ನು ನೀವಾಗಿ ಕೇಳಬೇಡಿ. ಎಮ್ಮೆ ಕರು ಹಾಕಿದ್ದು, ಮಳೆ ಬಂದದ್ದು, ಮನೆಯಲ್ಲಿ ಏನು ಪಲ್ಯ ಮಾಡಿದ್ದು, ಇದನ್ನು ಹೇಳಿ. ಅಂಕದ ಸುದ್ದಿ ತಾನಾಗಿ ಬರುತ್ತದೆ, ಅದೂ ನಿಜವಾದ ಸುದ್ದಿ.

ಪ್ರಶ್ನೆ: ನಮ್ಮದು ಗದಗದ ಬೆಟಗೇರಿ, ಮಗ್ಗದ ಮನೆತನ. ಮಗನಿಗೆ ಹನ್ನೊಂದು ವರ್ಷ. ಐದನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿದ್ದವನನ್ನು ಈ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೇವೆ. ಭಾನುವಾರ ರಾತ್ರಿ ಚೀಲ ತುಂಬಿ ಮತ್ತೆ ಬಿಚ್ಚಿ ನೋಡುತ್ತಾನೆ. ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕುಳಿತುಬಿಡುತ್ತಾನೆ. ಡಾಕ್ಟರು ಸ್ಕ್ಯಾನ್ ಮಾಡಿಸಿದರು, ಏನೂ ಇಲ್ಲ. ಮಂಗಳವಾರ ಚೆನ್ನಾಗಿಯೇ ಹೋಗುತ್ತಾನೆ. ದಸರಾ ರಜೆಯ ಸೋಮವಾರಗಳಲ್ಲಿ ಹೊಟ್ಟೆ ನೋಯಲೇ ಇಲ್ಲ. ನಮ್ಮ ಅತ್ತೆ ‘ನಾಟಕ, ಎರಡು ಬಿಗಿದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ತಂಗಿ, ನೀವು ಕಣ್ಣಿಟ್ಟು ನೋಡಿದ್ದೀರಿ. ರಜೆಯ ಸೋಮವಾರ ನೋವಿಲ್ಲ ಎಂದು ಗಮನಿಸಿದಿರಲ್ಲ, ಅರ್ಧ ಕೆಲಸ ಅಲ್ಲಿಗೇ ಮುಗಿದಿದೆ. ಅತ್ತೆಯವರಿಗೆ ಸಮಾಧಾನದಿಂದ ಹೇಳಿ: ಇದು ನಾಟಕವಲ್ಲ. ನೋವು ನಿಜ, ಅದರ ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ. ಹೆದರಿಕೆಯಾದಾಗ ದೇಹ ಓಡಲು ಇಲ್ಲವೇ ಹೊಡೆದಾಡಲು ಸಿದ್ಧವಾಗುತ್ತದೆ. ಅಡ್ರಿನಲಿನ್ ಏರುತ್ತದೆ, ರಕ್ತ ಕೈಕಾಲುಗಳ ಕಡೆಗೆ ಹರಿಯುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಮಿದುಳಿಗೂ ಕರುಳಿಗೂ ನರಗಳ ನೇರ ನಂಟಿದೆ. ದೊಡ್ಡವರು ‘ನನಗೆ ಆತಂಕವಾಗಿದೆ’ ಎಂದು ಹೇಳಬಲ್ಲರು. ಹನ್ನೊಂದರ ಹುಡುಗನಿಗೆ ಆ ಮಾತು ಇನ್ನೂ ಒದಗಿರುವುದಿಲ್ಲ, ಅವನಿಗೆ ಗೊತ್ತಾಗುವುದು ಹೊಟ್ಟೆಯ ಸಂಕಟ ಮಾತ್ರ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ಮತ್ತೆ ಮತ್ತೆ ವಾಂತಿ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಸೋಮವಾರದ ಮೊದಲ ಪಿರಿಯಡ್ ಯಾವುದು? ನನಗೆ ತಿಳಿಯಬೇಕಾದದ್ದು ಅದೇ. ಮಾಧ್ಯಮ ಬದಲಾದ ಮಕ್ಕಳು ಹೆಚ್ಚಾಗಿ ಎಡವುವುದು ಎದ್ದು ನಿಂತು ಇಂಗ್ಲಿಷ್ ಓದಬೇಕಾದಾಗ. ಒಂದು ಶಬ್ದ ತಪ್ಪುತ್ತದೆ, ಹಿಂದಿನ ಬೆಂಚಿನಿಂದ ನಗೆ ಬರುತ್ತದೆ. ಹಳೆಯ ಶಾಲೆಯಲ್ಲಿ ಗಟ್ಟಿಯಾಗಿ ಪದ್ಯ ಹೇಳುತ್ತಿದ್ದ ಹುಡುಗನಿಗೆ ಆ ನಗೆ ಒಂದು ವಾರ ಸಾಲುತ್ತದೆ. ಹೀಗೆಯೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ ಯಾರೋ ಪೀಡಿಸುತ್ತಿರಬಹುದು, ಶೌಚಾಲಯಕ್ಕೆ ಹೋಗಲು ಅಂಜಿಕೆಯಿರಬಹುದು. ಅವನಿಂದಲೇ ತಿಳಿಯಬೇಕು.

ಕೇಳುವುದಕ್ಕೆ ಸೋಮವಾರ ಬೆಳಿಗ್ಗೆ ಸಲ್ಲದ ಹೊತ್ತು. ಶನಿವಾರ ಸಂಜೆ ಕೇಳಿ, ಎದುರಿಗೆ ಕೂರಿಸಿಕೊಂಡಂತೂ ಬೇಡ. ನೀವು ಕಂಡಿಕೆ ಸುತ್ತುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವನ ಕೈಗೂ ಕೆಲಸ ಕೊಡಿ. ಕಣ್ಣಿಗೆ ಕಣ್ಣು ಕೂಡದಿದ್ದಾಗ ಮಕ್ಕಳ ಬಾಯಿ ಸಲೀಸಾಗಿ ಬಿಚ್ಚುತ್ತದೆ. ‘ಯಾಕೆ ಹೆದರುತ್ತೀಯ’ ಎನ್ನಬೇಡಿ, ಅದಕ್ಕೆ ಅವನ ಬಳಿ ಉತ್ತರವಿಲ್ಲ. ‘ಸೋಮವಾರ ಶಾಲೆಗೆ ಹೋದ ಕೂಡಲೇ ಏನೇನು ನಡೆಯುತ್ತದೆ, ಮೊದಲಿನಿಂದ ಹೇಳು’ ಎನ್ನಿ. ಅವನು ಹೇಳತೊಡಗಿದ ಮೇಲೆ ನಿಮಗೆ ಎರಡು ಆತುರ ಬರುತ್ತವೆ: ‘ಇಷ್ಟಕ್ಕೆಲ್ಲ ಹೆದರುತ್ತಾರೇನು’ ಎಂದು ಧೈರ್ಯ ತುಂಬುವ ಆತುರ, ‘ನಾಳೆಯೇ ಬಂದು ಆ ಟೀಚರನ್ನು ವಿಚಾರಿಸುತ್ತೇನೆ’ ಎನ್ನುವ ಆತುರ. ಎರಡನ್ನೂ ತಡೆಹಿಡಿಯಿರಿ. ‘ಎಲ್ಲರೂ ನಕ್ಕಾಗ ನಾಚಿಕೆಯಾಯಿತೇನೋ’ ಎಂದು ಅವನ ಸಂಕಟಕ್ಕೆ ಒಂದು ಹೆಸರು ಕೊಟ್ಟು ಸುಮ್ಮನಿರಿ. ಹೌದು ಎಂದು ತಲೆಯಾಡಿಸಿದನೆಂದರೆ ಅವನು ಒಬ್ಬನೇ ಹೊತ್ತದ್ದನ್ನು ನೀವು ಜೊತೆಗೂಡಿ ಹಿಡಿದಂತಾಯಿತು.

ಶಾಲೆ ಮಾತ್ರ ತಪ್ಪಿಸಬೇಡಿ. ಮನೆಯಲ್ಲಿ ಉಳಿಸಿಕೊಂಡರೆ ಆ ಗಳಿಗೆಗೆ ಹಾಯೆನಿಸುತ್ತದೆ, ಮುಂದಿನ ಸೋಮವಾರಕ್ಕೆ ಹೆದರಿಕೆ ಬೆಳೆದಿರುತ್ತದೆ. ‘ಹೊಟ್ಟೆ ನೋಯುತ್ತಿದೆ, ಗೊತ್ತು. ನೋವಿದ್ದರೂ ಹೋಗೋಣ, ನಾನು ಗೇಟಿನವರೆಗೆ ಬರುತ್ತೇನೆ’ ಎನ್ನಿ. ಉಸಿರು ಉದ್ದ ಬಿಡುವ ಅಭ್ಯಾಸವನ್ನು ಅವನಿಗೂ ಕಲಿಸಿ, ಆದರೆ ನಗುನಗುತ್ತಿರುವ ಸಂಜೆ ಕಲಿಸಿ. ಹೆದರಿದಾಗ ಹೊಸದನ್ನು ಕಲಿಯಲಾಗುವುದಿಲ್ಲ. ಸೋಮವಾರದ ಪಾಠವನ್ನು ಭಾನುವಾರ ನಿಮ್ಮೆದುರು ಗಟ್ಟಿಯಾಗಿ ಓದಲಿ. ನಿಮಗೆ ಇಂಗ್ಲಿಷ್ ಬಾರದಿದ್ದರೇನೂ ಅಡ್ಡಿಯಿಲ್ಲ, ಅರ್ಥವನ್ನು ಕನ್ನಡದಲ್ಲಿ ಕೇಳಿ. ಆಮೇಲೆ ಮುಖ್ಯೋಪಾಧ್ಯಾಯರನ್ನು ಕಂಡು, ಕೆಲವು ವಾರ ಒಂದೆರಡು ಸಾಲು ಮಾತ್ರ ಓದಿಸಿ ಎಂದು ಕೇಳಿಕೊಳ್ಳಿ. ಹೊಡೆಯುವುದು, ಅವಮಾನ ಮಾಡುವುದು ನಡೆದಿದ್ದರೆ ಕೇಳಿಕೊಳ್ಳುವುದಲ್ಲ, ನಿಲ್ಲಿಸಿ ಎಂದು ಹೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಪ್ರಶ್ನೆ: ಎರಡು ವರ್ಷದ ಮೊಮ್ಮಗ ಕೇಳಿದ್ದು ಕೊಡದಿದ್ದರೆ ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಗುತ್ತಾನೆ. ನಾನು ದೃಷ್ಟಿ ತೆಗೆಯೋಣ ಎನ್ನುತ್ತೇನೆ, ಸೊಸೆ ಆಸ್ಪತ್ರೆಗೆ ಎನ್ನುತ್ತಾಳೆ. (ಅಜ್ಜಿ, ಅಣ್ಣಿಗೇರಿ)

ಉತ್ತರ: ಎರಡನ್ನೂ ಮಾಡಿ ತಾಯಿ, ಆಸ್ಪತ್ರೆಗೆ ಮೊದಲು ಹೋಗಿ. ಆರು ತಿಂಗಳಿಂದ ಆರು ವರ್ಷದವರೆಗಿನ ಕೆಲವು ಮಕ್ಕಳಲ್ಲಿ ಇದು ಕಾಣಿಸುತ್ತದೆ. ಹಟದಿಂದ ಬೇಕೆಂದೇ ಮಾಡುವುದಲ್ಲ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ತಾನೇ ಬರುತ್ತದೆ. ಕಬ್ಬಿಣದಂಶ ಕಡಿಮೆಯಿರುವ ಮಕ್ಕಳಲ್ಲಿ ಹೆಚ್ಚು, ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಿ. ಆ ಹೊತ್ತಿನಲ್ಲಿ ಮಗ್ಗುಲಾಗಿ ಮಲಗಿಸಿ. ಅಲುಗಾಡಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ಒಂದು ನಿಮಿಷ ಮೀರಿದರೆ ಅಥವಾ ಅಳುವೇ ಇಲ್ಲದೆ ಹೀಗಾದರೆ ತುರ್ತಾಗಿ ಕರೆದೊಯ್ಯಿರಿ. ಉಸಿರು ಬಂದ ಮೇಲೆ ಅಪ್ಪಿಕೊಳ್ಳಿ, ಆದರೆ ಹೆದರಿಕೊಂಡು ಅವನು ಕೇಳಿದ್ದನ್ನು ಕೊಟ್ಟುಬಿಡಬೇಡಿ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ, ಪಾಳಿಯ ಕೆಲಸ. ಹದಿನಾಲ್ಕರ ಮಗಳು ಒಂದು ಮಾತು ಹೇಳಿದರೆ ಎದುರು ಮಾತನಾಡುತ್ತಾಳೆ, ಬಾಗಿಲು ದಡಾರೆಂದು ಹಾಕಿಕೊಳ್ಳುತ್ತಾಳೆ. ರಾತ್ರಿ ಒಂದರವರೆಗೆ ಮೊಬೈಲ್, ಬೆಳಿಗ್ಗೆ ಎಬ್ಬಿಸಿದರೆ ಜಗಳ. ಹೋದ ವಾರ ಮೊಬೈಲ್ ಕಸಿದುಕೊಂಡೆ, ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಮೊದಲು ನಾನು ಡ್ಯೂಟಿಯಿಂದ ಬರುವುದನ್ನೇ ಕಾಯುತ್ತಿದ್ದವಳು.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ಮಗಳಿಗೆ ಹೇಳಿ. ಸಿಟ್ಟನ್ನು ಆಗಲೇ ತೋರಿಸಿದ್ದೀರಿ, ಅವಳ ಮಾತಿಲ್ಲದೆ ನಿಮಗಾಗುತ್ತಿರುವ ನೋವು ಅವಳಿಗೆ ಗೊತ್ತಿಲ್ಲ.

ಹದಿಹರೆಯದಲ್ಲಿ ಮಿದುಳಿನ ಭಾವನೆಯ ಭಾಗ ಬಹಳ ಚುರುಕಾಗಿರುತ್ತದೆ, ಅದನ್ನು ತಡೆದು ತೂಗಿ ನೋಡುವ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹಾಗೆಂದು ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ಬಾಗಿಲು ಬಡಿದ ಗಳಿಗೆಯಲ್ಲಿ ಬುದ್ಧಿಮಾತು ಒಳಗೆ ಇಳಿಯುವುದಿಲ್ಲ ಎಂದಷ್ಟೇ. ಅರ್ಧ ಗಂಟೆ ಬಿಟ್ಟು ಮಾತನಾಡಿ. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಸ್ರವಿಸುವುದರಿಂದ ಹತ್ತಕ್ಕೆ ಮಲಗು ಎಂದರೂ ಕಣ್ಣು ಮುಚ್ಚುವುದಿಲ್ಲ. ಆದರೆ ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಒಂದಕ್ಕೆ ಮಲಗಿ ಆರಕ್ಕೆ ಎದ್ದ ಮಗುವಿನ ಸಿಟ್ಟಿನಲ್ಲಿ ದೊಡ್ಡ ಪಾಲು ನಿದ್ದೆಗೇಡಿನದು.

ಮೊಬೈಲ್ ವಾಪಸ್ ಕೊಡಿ, ಜೊತೆಗೆ ಕಟ್ಟಳೆಯೂ ಇರಲಿ. ರಾತ್ರಿ ಹತ್ತರ ನಂತರ ಮನೆಯ ಎಲ್ಲ ಮೊಬೈಲ್‌ಗಳೂ ಪಡಸಾಲೆಯಲ್ಲಿ ಚಾರ್ಜಿಗೆ ಹೋಗಬೇಕು, ನಿಮ್ಮದೂ ಸೇರಿ. ಡ್ಯೂಟಿಯ ಕರೆ ಬರುವುದಿದ್ದರೆ ಗಂಟೆಯ ಸದ್ದು ಜೋರು ಮಾಡಿ ಅಲ್ಲಿಯೇ ಇಡಿ. ತಂದೆ ಪಾಲಿಸದ ಕಟ್ಟಳೆಯನ್ನು ಹದಿನಾಲ್ಕರ ಹುಡುಗಿ ಪಾಲಿಸುವುದಿಲ್ಲ. ವಾರದ ರಜೆಯ ದಿನ ಉಣಕಲ್ ಕೆರೆಯ ದಂಡೆಗೆ ಇಬ್ಬರೇ ಹೋಗಿ ಬನ್ನಿ, ಗಿರಮಿಟ್ಟು ತಿನ್ನಿ, ಉಪದೇಶ ಮಾಡಬೇಡಿ. ಒಂದು ಎಚ್ಚರಿಕೆ: ಎರಡು ವಾರ ಕಳೆದರೂ ಗೆಳತಿಯರನ್ನೂ ದೂರ ಮಾಡಿ, ಊಟ ಬಿಟ್ಟು, ಮೊದಲು ಇಷ್ಟಪಡುತ್ತಿದ್ದುದೆಲ್ಲ ಬೇಡವೆಂದು ಕುಳಿತರೆ, ಅಥವಾ ಸೆಕೆಯಲ್ಲೂ ತುಂಬುತೋಳು ಹಾಕಿಕೊಂಡು ಕೈ ಮುಚ್ಚಿಡುತ್ತಿದ್ದರೆ, ಅದು ಹರೆಯದ ಮುನಿಸಲ್ಲ. ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ಯಾರಾದರೂ ಬೆದರಿಸುತ್ತಿದ್ದಾರೆಯೇ ಎಂದೂ ಮೆಲ್ಲಗೆ ಕೇಳಿ. ಕೇಳುವ ಮೊದಲೇ ‘ನಿನ್ನನ್ನು ಬೈಯುವುದಿಲ್ಲ’ ಎಂದು ಮಾತು ಕೊಡಿ, ಆ ಮಾತನ್ನು ಉಳಿಸಿಕೊಳ್ಳಿ.

ಪ್ರಶ್ನೆ: ನಾನು ಬ್ಯಾಡಗಿ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕ. ನಾಲ್ಕನೆಯ ತರಗತಿಯ ಹುಡುಗನೊಬ್ಬನ ತಂದೆ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರಾಗಿದ್ದರು, ಎರಡು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡರು. ಮಗುವನ್ನು ಆ ದಿನ ಬೇರೆ ಊರಿಗೆ ಕಳಿಸಿ, ‘ಅಪ್ಪ ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ’ ಎಂದು ಹೇಳಿದ್ದಾರೆ. ಹುಡುಗ ನಗುತ್ತಾ ಆಡುತ್ತಾನೆ, ಇದ್ದಕ್ಕಿದ್ದಂತೆ ಪಕ್ಕದವನನ್ನು ಹೊಡೆಯುತ್ತಾನೆ. ಊರವರೆಲ್ಲ ‘ಇನ್ನು ನೀನೇ ಮನೆಯ ಯಜಮಾನ’ ಎನ್ನುತ್ತಾರೆ. ನಾನು ಏನು ಮಾಡಬಹುದು?

ಉತ್ತರ: ಗುರುಗಳೇ, ಆ ಹುಡುಗನಿಗೆ ವಿಷಯ ಗೊತ್ತಿದೆ. ಒಂಬತ್ತು ವರ್ಷದ ಮಗುವಿಗೆ ಸಾವು ಎಂದರೆ ಮರಳಿ ಬಾರದ್ದು ಎಂದು ತಿಳಿದಿರುತ್ತದೆ. ಅವ್ವನ ಹಣೆ, ಕೈ ನೋಡಿದ್ದಾನೆ, ಗೋಡೆಯ ಫೋಟೋಕ್ಕೆ ಹಾಕಿದ ಹಾರ ನೋಡಿದ್ದಾನೆ. ಅಪ್ಪ ಬೆಂಗಳೂರಿನಲ್ಲಿದ್ದರೆ ಫೋನ್ ಯಾಕೆ ಬರುವುದಿಲ್ಲ ಎಂದು ಕೇಳುವಂತಿಲ್ಲ, ಏಕೆಂದರೆ ದೊಡ್ಡವರೆಲ್ಲ ಸೇರಿ ಆ ಮಾತನ್ನು ಮುಚ್ಚಿದ್ದಾರೆ. ಪ್ರೀತಿಯಿಂದಲೇ ಮುಚ್ಚಿದ್ದಾರೆ, ನಿಜ. ಆದರೆ ಅವನು ದುಃಖವನ್ನೂ ಮಾಡುವಂತಿಲ್ಲ, ಅಪ್ಪನನ್ನು ಕಾಯುವಂತೆಯೂ ಇಲ್ಲ. ಆ ಇಕ್ಕಟ್ಟೇ ಪಕ್ಕದವನ ಬೆನ್ನಿನ ಮೇಲೆ ಬೀಳುತ್ತಿದೆ ಎಂದು ನನಗನ್ನಿಸುತ್ತದೆ.

ಮೊದಲು ತಾಯಿಯನ್ನು ಕಾಣಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರೆ ಶಾಲೆಗೆ ಕರೆಸಬೇಡಿ, ದಿನಗೂಲಿ ತಪ್ಪುತ್ತದೆ. ಸಂಜೆ ನೀವೇ ಮನೆಗೆ ಹೋಗಿ. ಸುದ್ದಿ ಅವರ ಬಾಯಿಂದಲೇ ಬರಬೇಕು, ಸರಳವಾಗಿ ಬರಬೇಕು: ‘ನಿನ್ನ ಅಪ್ಪ ಸತ್ತುಹೋದ. ಅವನ ಹೃದಯ ನಿಂತುಹೋಯಿತು. ಅವನು ತಿರುಗಿ ಬರುವುದಿಲ್ಲ. ನಿನ್ನಿಂದ ಆದದ್ದಲ್ಲ.’ ಮಲಗಿದ್ದಾನೆ, ದೇವರು ಕರೆದುಕೊಂಡ ಎಂದರೆ ಮಕ್ಕಳು ಮಲಗಲು ಹೆದರುತ್ತಾರೆ, ದೇವರಿಗೂ ಹೆದರುತ್ತಾರೆ. ನಾಲ್ಕನೆಯ ವಾಕ್ಯವನ್ನು ಬಿಡಲೇಬಾರದು. ಅಪ್ಪನ ಮಾತು ಕೇಳಲಿಲ್ಲ, ಅದಕ್ಕೇ ಹೀಗಾಯಿತು ಎಂದು ಮನಸ್ಸಿನಲ್ಲಿಟ್ಟುಕೊಂಡು ತಿರುಗುವ ಮಕ್ಕಳು ಬಹಳ. ಆಗ ಅವನು ಅಳಬಹುದು, ಅಥವಾ ‘ಆಡಲು ಹೋಗಲಾ’ ಎಂದು ಕೇಳಬಹುದು. ಎರಡೂ ಸರಿ. ಮಕ್ಕಳ ದುಃಖ ತುಣುಕು ತುಣುಕಾಗಿ ಬರುತ್ತದೆ, ನಡುನಡುವೆ ಆಟವಿರುತ್ತದೆ. ಅವನು ನಗುವುದನ್ನು ನೋಡಿ ಮರೆತಿದ್ದಾನೆ ಎಂದುಕೊಳ್ಳಬೇಡಿ.

ಮಣ್ಣು ಮಾಡುವಾಗ ಅವನು ಇರಲಿಲ್ಲ. ಈಗ ಒಮ್ಮೆ ಆ ಜಾಗಕ್ಕೆ ಕರೆದುಕೊಂಡು ಹೋಗಲಿ. ಅಮಾವಾಸ್ಯೆಗೆ ಎಡೆ ಇಡುವಾಗ ಅಪ್ಪನಿಗೆ ಇಷ್ಟವಾದದ್ದನ್ನು ಅವನ ಕೈಯಿಂದಲೇ ಇಡಿಸಲಿ. ಅಪ್ಪನ ಟವೆಲ್ ಕೇಳಿದರೆ ಕೊಡಲಿ.

‘ನೀನೇ ಯಜಮಾನ’ ಎನ್ನುವವರನ್ನು ನೀವು ತಡೆಯಬಲ್ಲಿರಿ, ಊರಿನಲ್ಲಿ ಗುರುಗಳ ಮಾತಿಗೆ ಬೆಲೆಯಿದೆ. ಒಂಬತ್ತರ ಹುಡುಗ ನಾಲ್ಕನೆಯ ತರಗತಿಯ ವಿದ್ಯಾರ್ಥಿ, ಅಷ್ಟೇ. ಮನೆಯ ಭಾರಕ್ಕೆ ಬೇರೆ ಆಸರೆ ಹುಡುಕಬೇಕು. ತಾಯಿ ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಾರೆಯೇ ವಿಚಾರಿಸಿ. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ, ಆದಾಯ ಮಿತಿಯೊಳಗಿನ ವಿಧವೆಯರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಹಾವೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ, ಅರ್ಜಿ ತುಂಬಲು ನೀವೇ ಕೂಡಿ.

ಇನ್ನು ತರಗತಿಯಲ್ಲಿ. ಹೊಡೆದಾಗ ಕೈ ಹಿಡಿದು ನಿಲ್ಲಿಸಿ: ‘ಸಿಟ್ಟು ಬಂದಿದೆ, ಬರಲಿ. ಹೊಡೆಯಲು ನಾನು ಬಿಡುವುದಿಲ್ಲ.’ ಎಲ್ಲರೆದುರು ಕಾರಣ ಕೇಳಬೇಡಿ. ನಿಮ್ಮಿಬ್ಬರಲ್ಲಿ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ. ಅವನು ಪೆನ್ಸಿಲನ್ನು ಮೇಜಿನ ಅಂಚಿಗೆ ಇಟ್ಟರೆ, ಕೇಳದೆಯೇ ಹೊರಗೆ ಹೋಗಿ ನೀರು ಕುಡಿದು, ಗಿಡಕ್ಕೂ ಹಾಕಿ ಬರಬಹುದು. ‘ನನ್ನ ತಂದೆ’ ಎಂಬ ಪ್ರಬಂಧ ಬಂದ ದಿನ, ಪಾಲಕರ ಸಹಿ ಬೇಕಾದ ದಿನ, ಅವನಿಗೆ ಮೊದಲೇ ತಿಳಿಸಿ, ‘ಅಪ್ಪನ ಬಗ್ಗೆ ಬರೆಯುತ್ತೀಯಾ, ಬೇರೆಯವರ ಬಗ್ಗೆ ಬರೆಯುತ್ತೀಯಾ’ ಎಂದು ಅವನನ್ನೇ ಕೇಳಿ. ಅಪ್ಪನ ಬಗ್ಗೆ ಎಂದರೆ ಬರೆಯಲಿ. ಅವನ ಅಪ್ಪ ಎಷ್ಟು ಚೀಲ ಹೊರುತ್ತಿದ್ದ, ಸಂಜೆ ಮನೆಗೆ ಬಂದಾಗ ಅಂಗಿಯ ಘಾಟಿಗೆ ಎಲ್ಲರೂ ಹೇಗೆ ಸೀನುತ್ತಿದ್ದರು ಎಂದು ನೀವೂ ಕೇಳಿ ತಿಳಿದುಕೊಳ್ಳಿ. ಆರು ತಿಂಗಳು ಕಳೆದರೂ ಊಟ, ನಿದ್ದೆ, ಓದು ಯಾವುದೂ ಹಳಿಗೆ ಬರದಿದ್ದರೆ, ಅಥವಾ ‘ನಾನೂ ಅಪ್ಪನ ಬಳಿ ಹೋಗುತ್ತೇನೆ’ ಎಂದು ಒಮ್ಮೆಯಾದರೂ ಹೇಳಿದರೆ, ಹಾವೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ತಾಯಿಗೆ ದಾರಿ ತಿಳಿಯದು, ಮೊದಲ ಸಲ ನೀವು ಜೊತೆಗೆ ಹೋಗಿ.